ಹಿಂದಿನ ಎಡಬಾಗಿಲು

ನಮ್ಮ ಮನೆಯಲ್ಲಿ ಬಾಗಿಲು ಹಾಕುವುದನ್ನೂ ಕಲಿಯಬೇಕಿತ್ತು. ಬೇರೆ ಅಪ್ಪಂದಿರು ಮಕ್ಕಳಿಗೆ ಸೈಕಲ್ ಕಲಿಸುವ ವಯಸ್ಸಿನಲ್ಲಿ ನನ್ನ ಅಪ್ಪ ನನಗೆ ಬಾಗಿಲು ಹಾಕುವುದನ್ನು ಕಲಿಸಿದರು. ಫ್ರಿಜ್ಜಿನ ಬಾಗಿಲು, ಬಚ್ಚಲಿನದು, ಗ್ಯಾರೇಜಿನಿಂದ ಅಡುಗೆಮನೆಗೆ ಬರುವುದು, ಎಲ್ಲಕ್ಕಿಂತ ಮುಖ್ಯವಾಗಿ ಕಾರಿನದು. ನೂಕಬಾರದು, ಬಾಗಿಲಿನ ಜೊತೆಗೇ ಕೈ ಹೋಗಬೇಕು. ಇನ್ನು ಒಂದು ಗೇಣು ಉಳಿದಿದೆ ಅನ್ನುವಾಗ ಬಿಟ್ಟುಬಿಡಬೇಕು, ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ. ಸರಿಯಾಗಿ ಕೂತರೆ ‘ಧಪ್’ ಅನ್ನುತ್ತದೆ, ‘ಠಣ್’ ಅಂದರೆ ಎಲ್ಲೋ ಏನೋ ಸಡಿಲವಾಗಿದೆ ಎಂದು ಅರ್ಥ. ಈಗ ಅಪ್ಪನಿಗೆ ಎಂಬತ್ತು ದಾಟಿದೆ. ಮೊನ್ನೆ ನಾನು ಹೊಸ ಎಲೆಕ್ಟ್ರಿಕ್ ಕಾರು ತಂದು ಡ್ರೈವ್‌ವೇಯಲ್ಲಿ ನಿಲ್ಲಿಸಿದಾಗ ಬಣ್ಣ ನೋಡಲಿಲ್ಲ, ಒಂದು ಚಾರ್ಜಿಗೆ ಎಷ್ಟು ಮೈಲಿ ಓಡುತ್ತದೆ ಎಂದು ಕೇಳಲಿಲ್ಲ. ಕೋಲು ಊರಿಕೊಂಡು ಸುತ್ತ ಹೋಗಿ ನಾಲ್ಕು ಬಾಗಿಲನ್ನೂ ಒಂದೊಂದಾಗಿ ತೆರೆದು ಹಾಕಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿ ಒಳಗೆ ಹೋದರು. ಅಷ್ಟಾದ ಮೇಲೆಯೇ ನನಗೆ ಅದು ನನ್ನ ಕಾರು ಅನ್ನಿಸಿದ್ದು.

ಆ ಕಾರೂ ಅಪ್ಪ ದುಡಿದ ಕಂಪನಿಯದೇ. ಅದರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಹಿಂದಿನ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹೇಳದ ಹಾಗೆ ಅಪ್ಪನೂ ಅದರ ಹೆಸರು ಹೇಳಿದವರಲ್ಲ. ಮನೆಯಲ್ಲಿ ಅದು ‘ನಮ್ಮ ಕಂಪನಿ’, ಅಷ್ಟೇ. ಮೈಸೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ್ದ ಅಪ್ಪ ನ್ಯೂಜೆರ್ಸಿಯ ಕಾರು ಕಾರ್ಖಾನೆಯಲ್ಲಿ ಬಾಗಿಲು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದರು. ಸಾಲಾಗಿ ಸರಿದು ಬರುವ ಪ್ರತಿ ಕಾರಿನ ಬಾಗಿಲನ್ನೂ ತೆರೆದು ಹಾಕಿ ಸದ್ದು ಕೇಳಬೇಕು, ಸಂದಿಗೆ ತೆಳ್ಳನೆಯ ಲೋಹದ ಪಟ್ಟಿ ತೂರಿಸಿ ಅಳೆಯಬೇಕು, ಬೇಕಾದರೆ ರಬ್ಬರ್ ಸುತ್ತಿಗೆಯಿಂದ ಎರಡು ಏಟು ಹಾಕಿ ಸರಿಮಾಡಬೇಕು, ಆಮೇಲೆ ಚೀಟಿಯ ಮೇಲೆ ತನ್ನ ಮೊಹರು ಒತ್ತಬೇಕು. ಆ ಮೊಹರು ಬಿದ್ದ ಕಾರು ಹೊರಗೆ ಹೋಗುತ್ತದೆ. ಕನ್ನಡ ಸಂಘದ ಅಂಕಲ್‌ಗಳೆಲ್ಲ ಡಾಕ್ಟರು, ಪ್ರೊಫೆಸರು, ಪ್ರಿನ್ಸ್‌ಟನ್ ಕಡೆಯ ಔಷಧಿ ಕಂಪನಿಗಳ ವಿಜ್ಞಾನಿಗಳು. “ಓ, ಫ್ಯಾಕ್ಟರೀಲಾ?” ಎಂದು ಅವರು ಕೇಳುವ ರೀತಿ ನನಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಅಪ್ಪ ಮಾತ್ರ ಹೌದು ಫ್ಯಾಕ್ಟರಿಯಲ್ಲಿ ಎಂದು ನಗುನಗುತ್ತಾ ಹೇಳಿ, ಹೊರಗೆ ನಿಂತಿದ್ದ ಅವರ ಕಾರುಗಳ ಬಾಗಿಲಿನ ಗುಣದೋಷಗಳನ್ನು ವಿವರಿಸಲು ಶುರುಮಾಡುತ್ತಿದ್ದರು.

ಸಮರ್‌ಸೆಟ್‌ನ ನಮ್ಮ ಮನೆಯಲ್ಲಿ ಅಡುಗೆಮನೆಯೇ ದೊಡ್ಡದು. ಅಲ್ಲೇ ಊಟದ ಟೇಬಲ್ಲು, ಅದರ ಪಕ್ಕದ ಕಿಟಕಿಯಿಂದ ಡ್ರೈವ್‌ವೇ ಕಾಣುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ಸಾರನ್ನಕ್ಕೆ ಶುರುವಾದ ಕಂಪನಿಯ ಪುರಾಣ ಮಜ್ಜಿಗೆ ಅನ್ನಕ್ಕೂ ಮುಗಿಯುತ್ತಿರಲಿಲ್ಲ. ಕಂಪನಿ ಕಟ್ಟಿದವನು ಮೊದಲು ಕುದುರೆ ಗಾಡಿ ಮಾಡುತ್ತಿದ್ದನಂತೆ. ಮೊದಲ ಕಾರನ್ನು ಓಡಿಸಿದ ದಿನ, ದಾರಿಯಲ್ಲಿ ನಿಂತುಬಿಟ್ಟರೆ ಇರಲಿ ಎಂದು ಹಿಂದೆ ಒಂದು ಕುದುರೆ ಕಟ್ಟಿಕೊಂಡು ಹೋಗಿದ್ದನಂತೆ. ಯುದ್ಧ ಬಂದಾಗ ಅವನ ಕಾರ್ಖಾನೆಯಲ್ಲಿ ಕಾರು ನಿಲ್ಲಿಸಿ ವಿಮಾನದ ರೆಕ್ಕೆ ಮಾಡಿದರಂತೆ. ಯುದ್ಧ ಮುಗಿದ ಮೇಲೂ ಆ ರೆಕ್ಕೆಯ ಹುಚ್ಚು ಬಿಡದೆ ಕಾರುಗಳ ಹಿಂದೆ ರೆಕ್ಕೆ ಇಟ್ಟು ಕಳಿಸಿದರಂತೆ. ಪೆಟ್ರೋಲಿಗೆ ಜನ ಉದ್ದುದ್ದ ಸಾಲು ನಿಂತ ಕಾಲದಲ್ಲಿ ಜಪಾನಿನ ಪುಟ್ಟ ಕಾರುಗಳು ಬಂದು ಇವರ ಹೊಟ್ಟೆಯ ಮೇಲೆ ಹೊಡೆದದ್ದನ್ನು ಹೇಳುವಾಗ ಅಪ್ಪನ ಧ್ವನಿ ತಗ್ಗುತ್ತಿತ್ತು. ಕಾರು ಮಾಡುವವನು ಕಾರು ಕೊಳ್ಳಲೂ ಆಗಬೇಕು ಎಂದುಕೊಂಡ ಜನ ಅವರು, ಅದು ಸಣ್ಣ ಮಾತಲ್ಲ ಎಂದು ಕೊನೆಗೆ ಹೇಳಿಯೇ ಕೈ ತೊಳೆಯಲು ಏಳುತ್ತಿದ್ದರು. ಧಾರವಾಡದ ನನ್ನ ಅಮ್ಮ ಇದನ್ನೆಲ್ಲ ಕೇಳಿ ಕೇಳಿ ಒಂದು ದಿನ ಅಂದಳು:

“ಆ ಕುದುರಿ ಮಾತ್ರ ಬಿಡಬಾರದಿತ್ತು ನೋಡ್ರಿ ಅವರು. ನಮ್ಮ ಗಾಡಿಗೆ ಈಗೂ ಬೇಕಾಗೇದ.”

ನಮ್ಮ ಗಾಡಿ ಅಂದರೆ ಕಂದು ಬಣ್ಣದ, ಪಕ್ಕದಲ್ಲಿ ಮರದ ಹಲಗೆಯಂತೆ ಕಾಣುವ ಹಾಳೆ ಅಂಟಿಸಿದ್ದ, ಹಡಗಿನಷ್ಟು ಉದ್ದದ ಸ್ಟೇಷನ್ ವ್ಯಾಗನ್. ನಾನಾಗ ಐದು ವರ್ಷದವಳು. ಅಮ್ಮ ಕೇಳಿದ್ದು ನೀಲಿ ಬಣ್ಣದ ಚಿಕ್ಕ ಕಾರು. ಅಪ್ಪ ಹೂಂ ಅಂದಿದ್ದರು, ಬುಕ್ ಮಾಡುವ ಮಾತೂ ಆಗಿತ್ತು. ಆದರೆ ಆ ವರ್ಷ ಆಯುಧಪೂಜೆ ಮುಗಿದು ಎರಡೇ ದಿನಕ್ಕೆ, ಹೇಳದೆ ಕೇಳದೆ, ಈ ಕಂದು ವ್ಯಾಗನ್ನನ್ನು ತಂದು ಡ್ರೈವ್‌ವೇಯಲ್ಲಿ ನಿಲ್ಲಿಸಿದರು. ಒಳ್ಳೇ ಡೀಲ್ ಸಿಕ್ಕಿತು ಅಂದರು. ಗಾಡಿಯೇನೋ ಗಟ್ಟಿ. ಎಷ್ಟೇ ಹಿಮ ಬೀಳಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು, ನಯಾಗರಾಕ್ಕೆ ಎರಡು ಸಲ ಹೋಗಿ ಬಂದರೂ ಕೆಮ್ಮಲಿಲ್ಲ. ಕುದುರೆಯ ಮಾತು ಬರೀ ಅಮ್ಮನ ಕುಚೋದ್ಯ. ಅದರ ದೋಷ ಒಂದೇ, ಅದು ಹಿಂದಿನ ಎಡಬಾಗಿಲಲ್ಲಿತ್ತು. ಹಾಕುವಾಗ ಅದನ್ನು ಸ್ವಲ್ಪ ಮೇಲೆತ್ತಿ ಒತ್ತಬೇಕು. ಒತ್ತಿದರೆ ಬೀಗ ಭದ್ರವಾಗಿಯೇ ಕಚ್ಚಿಕೊಳ್ಳುತ್ತಿತ್ತು, ತೆರೆದುಕೊಳ್ಳುವ ಭಯವಿರಲಿಲ್ಲ. ಆದರೆ ಮೇಲಿನ ಸಂದಿಯಿಂದ ಗಾಳಿ ನುಗ್ಗಿ ಹೈವೇ ಉದ್ದಕ್ಕೂ ಸಿಳ್ಳೆ ಹೊಡೆಯುತ್ತಿತ್ತು, ಮಳೆ ಬಂದರೆ ಸೀಟು ನೆನೆಯುತ್ತಿತ್ತು. ಆ ಸೀಟು ನನ್ನದು. ಮಡಚಿದ ಟವೆಲಿನ ಮೇಲೆ ಕೂತು ನಾನು ನನ್ನ ಬಾಲ್ಯದ ಅರ್ಧ ಭಾಗ ಪ್ರಯಾಣ ಮಾಡಿದ್ದೇನೆ. ಅಪ್ಪ ಎಷ್ಟೋ ಭಾನುವಾರಗಳನ್ನು ಆ ಬಾಗಿಲಿನ ಕೀಲುಗಳ ಜೊತೆ ಕಳೆದರು. ಸರಿಹೋಗಲಿಲ್ಲ. ದೋಷ ಬಾಗಿಲಲ್ಲಿಲ್ಲ, ಅದು ಕೂರುವ ಕಂಬವೇ ಒಂದು ಕೂದಲೆಳೆಯಷ್ಟು ಓರೆಯಾಗಿದೆ ಎನ್ನುತ್ತಿದ್ದರು. ಅದನ್ನು ಸರಿಮಾಡಬೇಕಾದರೆ ಗಾಡಿಯನ್ನೇ ಕೊಯ್ಯಬೇಕಿತ್ತು.

“ಅಮೇರಿಕಾದಾಗಿನ ಎಲ್ಲಾ ಕಾರಿನ ಬಾಗಲಾ ನೋಡ್ತೀರಿ,” ಎಂದು ಅಮ್ಮ ಚುಚ್ಚುತ್ತಿದ್ದಳು, “ನಿಮ್ಮ ಮನೀ ಕಾರಿಂದು ಮಾತ್ರ ನಿಮ್ಮ ಕಣ್ಣಿಗೆ ಬೀಳಲಿಲ್ಲ ಹೌದಲ್ಲೋ?”

ಅಪ್ಪ ಇದಕ್ಕೆ ಒಮ್ಮೆಯೂ ಉತ್ತರ ಕೊಟ್ಟಿದ್ದು ನನಗೆ ನೆನಪಿಲ್ಲ. ಸಂಘದ ದೀಪಾವಳಿಗೆ ಹೋಗುವಾಗ ಒಮ್ಮೆ ಮಳೆ ಬಂದು, ನೀರು ಸೀಟಿನುದ್ದಕ್ಕೂ ಹರಿದು ನನ್ನ ಪಕ್ಕ ಕೂತಿದ್ದ ಅಮ್ಮನ ಇಳಕಲ್ ಸೀರೆ ನೆನೆದುಹೋಯಿತು. ಹಾಲ್‌ನಲ್ಲಿ ಯಾರೋ ಅಂಕಲ್ ಅದನ್ನು ನೋಡಿ, ಬಾಗಿಲು ಚೆಕ್ ಮಾಡೋರ ಕಾರಲ್ಲೇ ಹೀಗಾದ್ರೆ ನಮ್ಮ ಗತಿಯೇನು ಎಂದು ಹಾಸ್ಯ ಮಾಡಿದರು. ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ನನಗೆ ಆಗ ಒಂಬತ್ತು ವರ್ಷ. ಅಪ್ಪ ನಿಜವಾಗಿಯೂ ಒಳ್ಳೆಯ ಕೆಲಸಗಾರರೇ, ಅಥವಾ ಊಟದ ಟೇಬಲ್ಲಿನ ಮಾತೆಲ್ಲ ಬರೀ ಬಡಾಯಿಯೇ ಎಂಬ ಅನುಮಾನ ನನ್ನೊಳಗೆ ಹೊಕ್ಕಿದ್ದು ಆ ರಾತ್ರಿ. ಆ ಅನುಮಾನಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಅಮ್ಮನಿಗೆ ಪ್ರಿನ್ಸ್‌ಟನ್‌ನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ತನ್ನ ಮೊದಲ ಸಂಬಳಗಳಲ್ಲೇ ಅವಳು ಒಂದು ಜಪಾನಿ ಕಾರು ಕೊಂಡಳು, ನೀಲಿ ಬಣ್ಣದ್ದು. ಜಗಳವಾಗುತ್ತದೆ ಎಂದು ನಾನು ಕಾದು ಕೂತಿದ್ದೆ. ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲುಗಳನ್ನು ಹತ್ತು ಸಲ ತೆರೆದು ಮುಚ್ಚಿ, ಗಡ್ಡ ಕೆರೆದುಕೊಂಡು ಹೇಳಿದ್ದಿಷ್ಟೇ: “ಚೆನ್ನಾಗ್ ಮಾಡಿದಾರೆ ಕಣೇ. ಕಲೀಬೇಕು ನಮ್ಮೋರು.” ಪ್ರತಿ ಭಾನುವಾರ ಅದನ್ನೂ ತಾವೇ ತೊಳೆದರು. ಕಾರ್ಖಾನೆಗೆ ಮಾತ್ರ ಅದನ್ನು ಒಯ್ಯುವಂತಿರಲಿಲ್ಲ. ಗೇಟಿನ ಹತ್ತಿರದ ಪಾರ್ಕಿಂಗ್ ಇದ್ದದ್ದು ಕಂಪನಿಯ ಕಾರುಗಳಿಗೆ, ಬೇರೆ ಕಂಪನಿಯ ಕಾರು ತಂದವರು ದೂರದ ಬೇಲಿಯ ಬಳಿ ನಿಲ್ಲಿಸಿ ನಡೆದು ಬರಬೇಕಿತ್ತು. ಹಾಗಾಗಿ ಅಪ್ಪ ವ್ಯಾಗನ್ನಿನಲ್ಲೇ ಕೆಲಸಕ್ಕೆ ಹೋಗಿಬರುತ್ತಿದ್ದರು. ಅಮ್ಮನ ವಾದ ಸರಳವಾಗಿತ್ತು. ನಿಮ್ಮ ಕಂಪನಿಯದ್ದೇ ಬೇಕಾದರೆ ಇನ್ನೊಂದು ಒಳ್ಳೆಯದನ್ನು ತನ್ನಿ, ಈ ಸಿಳ್ಳೆ ಗಾಡಿಯನ್ನು ಮಾರಿ. ಅಪ್ಪನ ಉತ್ತರ ಇನ್ನೂ ಸರಳ: ಮಾರಲ್ಲ. ಯಾಕೆ ಎಂದರೆ ಮಾತಿಲ್ಲ.

ಬೆಲ್‌ರೋಸ್‌ನ ಹಿಲ್‌ಸೈಡ್ ಅವೆನ್ಯೂದಲ್ಲಿ ನಾವು ತಿಂಗಳಿಗೊಮ್ಮೆ ದಿನಸಿ ತರುತ್ತಿದ್ದ ಅಂಗಡಿ ಶ್ರೀನಿವಾಸ ಅಂಕಲ್ ಅವರದು. ನಾನು ಮೊದಲು ಬರೆದ ಕನ್ನಡ ಆ ಅಂಗಡಿಗೆ ಒಯ್ಯುವ ಪಟ್ಟಿ. ಹಿಂದಿನ ಸೀಟಿನಲ್ಲಿ ಸಿಳ್ಳೆಯ ನಡುವೆ ಅಮ್ಮ ಹೇಳುವುದು, ನಾನು ತೊಗರಿಬೇಳೆ, ಹುಣಸೆಹಣ್ಣು, ಗೋಧಿ ರವೆ ಎಂದು ತೊಡೆಯ ಮೇಲೆ ಹಾಳೆ ಇಟ್ಟು ಬರೆಯುವುದು. ಅಕ್ಕಿ ಮೂಟೆ ಸಾಗಿಸಲು ಅಂಕಲ್‌ಗೆ ದೊಡ್ಡ ವ್ಯಾಗನ್ ಬೇಕಿತ್ತು. ಅಮ್ಮ ಅವರ ಹತ್ತಿರ ಗುಟ್ಟಾಗಿ ಮಾತಾಡಿ, ಒಂದು ಭಾನುವಾರ ಊಟಕ್ಕೆ ಕರೆದಳು. ಎಣ್ಣೆಗಾಯಿ, ಚಪಾತಿ, ಶೇಂಗಾ ಚಟ್ನಿಪುಡಿ, ಗೋಧಿ ಹುಗ್ಗಿ. ಊಟ ಮುಗಿದು ಕಾಫಿಗೆ ಹಾಲು ಕಾಯುತ್ತಿರುವಾಗ ಅಂಕಲ್ ವಿಷಯ ತೆಗೆದರು.

“ಮೂರ್ತಿ, ನಿಮ್ ವ್ಯಾಗನ್ ನಂಗೆ ಕೊಟ್ಬಿಡಿ. ಬಾಗ್ಲು ಎತ್ತಿ ಹಾಕ್ಬೇಕು ತಾನೆ? ನೋ ಪ್ರಾಬ್ಲಮ್, ಎಲ್ಲಾ ಗೊತ್ತಿದ್ದೇ ಕೇಳ್ತಿದೀನಿ.”

“ಅದು ಕೊಡೋ ಕಾರಲ್ಲ,” ಅಂದರು ಅಪ್ಪ.

“ಅರೆ, ಮೇಡಂ ಹೂಂ ಅಂದಿದಾರಲ್ಲ?”

“ಅವಳು ಹೂಂ ಅನ್ನಲಿ. ಅದು ನಮ್ಮನೆ ಬಿಟ್ಟು ಇನ್ನೊಬ್ಬರ ಮನೆಗೆ ಹೋಗಕೂಡದು. ದಯವಿಟ್ಟು ಇನ್ನು ಆ ಮಾತು ಬೇಡ.”

ಅಷ್ಟು ಕಟುವಾಗಿ ಅಪ್ಪ ಅತಿಥಿಯ ಹತ್ತಿರ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಂಕಲ್ ಕಾಫಿ ಕುಡಿಯದೆ ಎದ್ದು ಹೋದರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತ್ತು, ಅಮ್ಮ ಅದನ್ನು ಒರೆಸಲೂ ಇಲ್ಲ.

“ಹೇಂತಿ, ಮಗಳು ಇಬ್ಬರಕಿಂತಾ ಆ ಕಂಪನಿ ಹೆಚ್ಚಾತೇನ್ರಿ ನಿಮಗ? ನಾಲ್ಕು ಮಂದ್ಯಾಗ ನನ್ನ ಮಾನಾ ಕಳದ್ರಿ. ಇನ್ನ ಮ್ಯಾಲೆ ಆ ಗಾಡ್ಯಾಗ ನಾ ಕಾಲಿಡೂದಿಲ್ಲ, ತಿಳೀತಿಲ್ಲೋ?”

ನಾಲ್ಕು ಮಂದಿ ಇರಲಿಲ್ಲ, ಶ್ರೀನಿವಾಸ ಅಂಕಲ್ ಒಬ್ಬರೇ ಇದ್ದದ್ದು. ಆದರೆ ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಮ್ಮ ಗ್ಯಾರೇಜಿನ ಬಾಗಿಲನ್ನು ಹಾಕಿದ ಹೊಡೆತಕ್ಕೆ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು. ಆಮೇಲೆ ವಾರಗಟ್ಟಲೆ ಅವರಿಬ್ಬರ ನಡುವೆ ಮಾತು ನನ್ನ ಮೂಲಕ ನಡೆಯಿತು. “ನಿಮ್ಮಪ್ಪಗ ಹೇಳು, ಅನ್ನ ಆರ್ತದ,” ಎಂದು ಅಮ್ಮ, ಎರಡು ಅಡಿ ದೂರದಲ್ಲಿ ಕೂತ ಅಪ್ಪನಿಗೆ ಕೇಳುವಂತೆ. “ಡ್ಯಾಡ್, ದ ರೈಸ್ ಈಸ್ ಗೆಟಿಂಗ್ ಕೋಲ್ಡ್,” ಎಂದು ನಾನು. ಕಂಪನಿಯ ಪುರಾಣ ನಿಂತೇಹೋಯಿತು. ಮಾತು ಆಮೇಲೆ ಶುರುವಾಯಿತು, ಆದರೆ ಅಮ್ಮ ಹೇಳಿದ ಹಾಗೆಯೇ ನಡೆದುಕೊಂಡಳು. ಎಲ್ಲಿಗಾದರೂ ಮೂವರೂ ಹೋಗಬೇಕಾದರೆ ಎರಡು ಕಾರು ಹೊರಡುತ್ತಿದ್ದವು, ನಾನು ಯಾವುದರಲ್ಲಿ ಕೂರಬೇಕೋ ತಿಳಿಯದೆ ಡ್ರೈವ್‌ವೇಯಲ್ಲಿ ನಿಂತಿರುತ್ತಿದ್ದೆ. ಒಂದು ಬಾಗಿಲಿಗಾಗಿ ನಮ್ಮ ಮನೆ ಎರಡಾಗಿಬಿಡುತ್ತದೆ ಎಂದು ನಾನು ನಿಜವಾಗಿಯೂ ಹೆದರಿದ್ದೆ. ಒಂದು ಮಾತು ಹೇಳಿ ಇದನ್ನು ಮುಗಿಸಬಾರದೇ ಎಂದು ಅಪ್ಪನ ಮೇಲೆಯೇ ನನಗೆ ಸಿಟ್ಟು.

ಆಯುಧಪೂಜೆಯ ಒಂದು ಜಗಳವನ್ನೂ ಇಲ್ಲೇ ಹೇಳಬೇಕು. ಆ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಮ್ಮನ ಮಿಕ್ಸಿ, ನನ್ನ ಪೆನ್ಸಿಲ್ ಡಬ್ಬಿ, ಹಿಂದಿನ ಸಂಜೆಯೇ ಅಪ್ಪ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಿರುತ್ತಿದ್ದ ರಬ್ಬರ್ ಸುತ್ತಿಗೆ, ಕೊನೆಗೆ ಕಾರು, ಹೀಗೆ ಪೂಜೆ. ಸುತ್ತಿಗೆಯನ್ನು ಹೊತ್ತು ತರುವ ಬದಲು ಕುಂಕುಮವನ್ನೇ ಕಾರ್ಖಾನೆಗೆ ಒಯ್ಯಿರಿ, ಕೆಲಸದ ಜಾಗದಲ್ಲೇ ಪೂಜೆಯಾದರೆ ಒಳ್ಳೆಯದು ಎಂದು ಅಮ್ಮ ಪ್ರತಿ ವರ್ಷ ಹೇಳುವಳು. ನನಗೆ ನೆನಪಿರುವ ಮೊದಲ ಆಯುಧಪೂಜೆಯಲ್ಲಿ ಹಾಗೆ ಕಟ್ಟಿಕೊಟ್ಟೂ ಇದ್ದಳು, ಕ್ಯಾಮೆರಾ ರೋಲಿನ ಪುಟ್ಟ ಕಪ್ಪು ಡಬ್ಬಿಯಲ್ಲಿ ಕುಂಕುಮ, ಜೊತೆಗೆ ಎಲ್ಲರಿಗೂ ಹಂಚಲು ಬೇಸನ್ ಉಂಡಿ. ಆಮೇಲಿನ ವರ್ಷಗಳಲ್ಲಿ ಅಪ್ಪ “ಮನೇಲೇ ಆಗತ್ತೆ ಬಿಡು” ಎಂದು ತೇಲಿಸಿಬಿಡುತ್ತಿದ್ದರು. ಕಾರಿನ ಪೂಜೆಗೆ ನಿಂತರೆ ಮೊದಲ ಕುಂಕುಮವನ್ನು ಒಯ್ದು ಹಚ್ಚುವುದು ಹಿಂದಿನ ಎಡಬಾಗಿಲಿಗೆ. “ಯಾರರೆ ಹಿಂದಿನಿಂದ ಪೂಜಾ ಸುರು ಮಾಡ್ತಾರೇನ್ರಿ? ಮೊದಲ ಬಾನೆಟ್ಟಿಗೆ ಹಚ್ರಿ,” ಎಂದು ಅಮ್ಮ ಪ್ರತಿ ವರ್ಷವೂ ರೇಗುತ್ತಿದ್ದಳು. ಅಪ್ಪ ಕಿವುಡರಾಗುತ್ತಿದ್ದರು.

ನಾನು ಹತ್ತು ದಾಟಿದ ವರ್ಷ ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಕೊನೆಯ ಕಾರು ಹೊರಬರುವ ದಿನ ಮನೆಯವರನ್ನೂ ಕರೆದಿದ್ದರು. ಅಮ್ಮನ ಕಾರಿನಲ್ಲಿ ಹೋದರೆ ದೂರದ ಬೇಲಿಯ ಬಳಿ ನಿಲ್ಲಿಸಬೇಕು. ಆ ದಿನ ಅಪ್ಪ ಅಷ್ಟು ದೂರದಿಂದ ನಡೆದು ಬರುವುದು ಅಮ್ಮನಿಗೂ ಬೇಕಿರಲಿಲ್ಲವೇನೋ, ತಾನಾಗಿಯೇ ಬಂದು ವ್ಯಾಗನ್ನಿನ ಮುಂದಿನ ಸೀಟಿನಲ್ಲಿ ಕೂತಳು. ಕಾರ್ಖಾನೆಯ ಒಳಗೆ ಆ ಕೊನೆಯ ಕಾರೊಂದೇ ನಿಧಾನಕ್ಕೆ ಸರಿದು ಬರುತ್ತಿತ್ತು. ತಮ್ಮ ತಮ್ಮ ಕೆಲಸ ಮುಗಿಸಿದವರು ಅದರ ಬಾನೆಟ್ಟಿನ ಒಳಮೈಮೇಲೆ ಸಹಿ ಹಾಕಿ ಪಕ್ಕಕ್ಕೆ ನಿಲ್ಲುತ್ತಿದ್ದರು. ದೊಡ್ಡ ದೊಡ್ಡ ಆಳುಗಳು ಅಳುತ್ತಿದ್ದರು. ಅಪ್ಪನ ಸರದಿ ಬಂದು ಅವರು ಅತ್ತ ಹೋದಾಗ ವಾಲ್ಟರ್ ಅಂಕಲ್ ನಮ್ಮ ಪಕ್ಕ ಬಂದು ನಿಂತರು. ತಯಾರಾದ ಕಾರುಗಳನ್ನು ಲಾರಿಗೆ ಹತ್ತಿಸುವ ಅಂಗಳದಲ್ಲಿ ಅವರ ಕೆಲಸ. ಅಮೆರಿಕದವರಾದರೂ ಅಂಕಲ್ ಎಂದು ಕರೆಯಲು ಅಪ್ಪ ನನಗೆ ಹೇಳಿಕೊಟ್ಟಿದ್ದರು. ಅವರು ಇಂಗ್ಲಿಷಿನಲ್ಲಿ ಅಂದದ್ದು ಹೀಗೆ:

“ಇನ್ನೂ ಆ ಕಂದು ವ್ಯಾಗನ್ನಿನಲ್ಲೇ ಬಂದಿರಿ, ಅಲ್ಲವಾ? ಅಂಥ ಮನುಷ್ಯನನ್ನು ನಾನು ನೋಡಿಲ್ಲ. ನಿಮಗೆ ಗೊತ್ತೇ ಇರುತ್ತಲ್ಲ, ಆ ಕೆಂಪು ಪುಡಿಯ ದಿನದ ಕಥೆ.”

ನಮಗೆ ಗೊತ್ತಿರಲಿಲ್ಲ. ಅಮ್ಮ ಗೊತ್ತಿರುವವಳಂತೆ ತಲೆಯಾಡಿಸಿದಳು. ವಾಲ್ಟರ್ ಅಂಕಲ್ ನಗುತ್ತಾ ಹೇಳುತ್ತಾ ಹೋದರು. ಒಂದು ದಿನ ಮೂರ್ತಿ ತನ್ನ ಸುತ್ತಿಗೆಗೆ ಕೆಂಪು ಪುಡಿ ಹಚ್ಚಿ, ಹೂವಿಟ್ಟು, ಕೈಮುಗಿದು ಕಣ್ಣು ಮುಚ್ಚಿ ನಿಂತ. ಆಮೇಲೆ ಸುತ್ತ ಇದ್ದವರಿಗೆಲ್ಲ ಹಳದಿ ಬಣ್ಣದ ಒಂದು ಸಿಹಿ ಉಂಡೆ ಕೊಟ್ಟ. ಅಂಥದ್ದನ್ನು ನಾವ್ಯಾರೂ ಜನ್ಮದಲ್ಲಿ ತಿಂದಿರಲಿಲ್ಲ. ನಾವು ತಿನ್ನುತ್ತಾ ನಿಂತಿದ್ದೆವು, ಕಾರುಗಳು ಮಾತ್ರ ನಿಲ್ಲುವುದಿಲ್ಲವಲ್ಲ. ಒಂದು ಕಾರು ಮುಂದೆ ಹೋಗಿಬಿಟ್ಟಿತ್ತು. ಮೂರ್ತಿ ಓಡಿಹೋಗಿ ಮೊಹರು ಒತ್ತಿದ, ಹಿಂದಿನ ಒಂದು ಬಾಗಿಲು ಮಾತ್ರ ನೋಡದೆ ಉಳಿದಿತ್ತು. ಸಂಜೆವರೆಗೂ ಅದೇ ಅವನ ತಲೆಯಲ್ಲಿ. ಮೇಲಿನವನಿಗೆ ಹೇಳಿದ, ಒಂದು ಬಾಗಿಲು ತಾನೆ ಅಂದ ಅವನು. ನನ್ನ ಅಂಗಳಕ್ಕೆ ಓಡಿಬಂದ, ಆದರೆ ಲಾರಿ ಹೊರಟುಹೋಗಿತ್ತು. ಪೇಪರು ಹುಡುಕಿದರೆ ಕಾರು ಪೆನ್ಸಿಲ್ವೇನಿಯಾದ ಒಬ್ಬ ಡೀಲರ್ ಹತ್ತಿರ. ಎರಡನೇ ದಿನ ನಾನೇ ಕರೆದುಕೊಂಡು ಹೋದೆ. ಕಾರು ಅಲ್ಲಿ ಗಾಜಿನ ಹಿಂದೆ ನಿಂತಿತ್ತು. ಬಾಗಿಲು ತೆರೆದು ಹಾಕಿದ, ಸದ್ದು ಕೇಳಿ ಅವನ ಮುಖ ಬಿಳಿಚಿಕೊಂಡಿತು. ಡೀಲರ್‌ಗೆ ಹೇಳಿದ. ಅವನು ಎರಡು ಸಲ ಬಡಿದು ಹಾಕಿ, ಹಾಕಿಕೊಳ್ಳುತ್ತಲ್ಲ, ಯಾರಿಗೆ ಗೊತ್ತಾಗುತ್ತೆ ಎಂದು ನಕ್ಕ.

“ಮೂರ್ತಿ ಏನು ಮಾಡಿದ ಗೊತ್ತಾ? ಚೆಕ್ ಬುಕ್ ತೆಗೆದ. ನನ್ನ ಮೊಹರು ಬಿದ್ದಿರೋ ಕೆಟ್ಟ ಬಾಗಿಲನ್ನ ಬೇರೆಯವರು ಹಾಕಬಾರದು ಅಂದ.”

ಅತ್ತ ಅಪ್ಪ ಕೊನೆಯ ಕಾರಿನ ಕೊನೆಯ ಬಾಗಿಲನ್ನು ಹಾಕಿದರು. ಧಪ್ ಅಂದಿತು. ನಾನು ಅಮ್ಮನ ಕಡೆ ನೋಡಿದೆ. ಅಳು ತಡೆಯಲು ಅವಳು ತುಟಿ ಕಚ್ಚಿಕೊಂಡಿದ್ದಳು. ಆ ಕುಂಕುಮ ಅವಳದು, ಆ ಉಂಡಿ ಅವಳು ಕಟ್ಟಿದ್ದು. ಅದನ್ನು ಹೇಳಿದರೆ ಅವಳು ತನ್ನನ್ನೇ ಬೈದುಕೊಳ್ಳುತ್ತಾಳೆಂದು, ಐದು ವರ್ಷಕ್ಕೂ ಹೆಚ್ಚು ಕಾಲ ಅವಳ ಪ್ರತಿ ಚುಚ್ಚುಮಾತನ್ನೂ ಅಪ್ಪ ನುಂಗಿಕೊಂಡಿದ್ದರು. ನನ್ನ ಅಪ್ಪನಂಥ ಕೆಲಸಗಾರ ಆ ಕಾರ್ಖಾನೆಯಲ್ಲಿ ಇನ್ನೊಬ್ಬರಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಕೆಲಸದ ಬಗ್ಗೆ ಆಮೇಲೆ ನಾನು ಏನೇ ಕಲಿತಿದ್ದರೂ ಆ ಐದು ನಿಮಿಷದಲ್ಲಿ ಕಲಿತದ್ದಕ್ಕೆ ಅದು ಸಮವಲ್ಲ.

ಹೊರಡುವಾಗ ಅಪ್ಪ ತಮ್ಮ ಲಾಕರಿನ ಸಾಮಾನಿನ ರಟ್ಟಿನ ಪೆಟ್ಟಿಗೆಯನ್ನು ಹೊತ್ತು ತಂದರು. ಅಮ್ಮ ನನಗೆ, “ನೀ ಮುಂದ ಕೂಡು,” ಎಂದು ಹೇಳಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಟವೆಲಿನ ಮೇಲೆ ಕೂತಳು. ಬಾಗಿಲನ್ನು ಮೆಲ್ಲಗೆ ಎತ್ತಿ ಒತ್ತಿದಳು. ಅಪ್ಪ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ ಗಾಡಿ ಸ್ಟಾರ್ಟ್ ಮಾಡಿದರು. ದಾರಿಯುದ್ದಕ್ಕೂ ಸಿಳ್ಳೆ. ಮನೆಗೆ ಬಂದ ಮೇಲೂ ಅಮ್ಮ ಏನನ್ನೂ ಕೇಳಲಿಲ್ಲ, ನನಗೂ ಹೇಳಬೇಡ ಎಂದು ಕಣ್ಣಲ್ಲೇ ಗದರಿಸಿದಳು.

ಕೆಲವೇ ವಾರಕ್ಕೆ ಆಯುಧಪೂಜೆ ಬಂತು. ಈಗ ಸುತ್ತಿಗೆ ಮನೆಯಲ್ಲೇ ಇತ್ತು, ಅದಕ್ಕೆ ಹೋಗಲು ಕಾರ್ಖಾನೆ ಇರಲಿಲ್ಲ. ಅಮ್ಮ ತಟ್ಟೆ ಹಿಡಿದು ಡ್ರೈವ್‌ವೇಗೆ ಬಂದಳು. ಅಪ್ಪ ಆ ವರ್ಷ ಸೋತಿದ್ದರು, ಜಗಳವಾಡುವ ಚೈತನ್ಯ ಇರಲಿಲ್ಲ. ಯಾರೂ ಏನೂ ಹೇಳುವ ಮುಂಚೆಯೇ ಬಾನೆಟ್ಟಿನ ಕಡೆ ನಡೆದರು.

“ಎಲ್ಲಿ ಹೊಂಟ್ರಿ?” ಅಂದಳು ಅಮ್ಮ. “ಮೊದಲ ಹಿಂದಿನ ಬಾಗಲಕ್ಕ ಹಚ್ರಿ.”

ಅಪ್ಪ ನಿಂತುಬಿಟ್ಟರು. ಅಮ್ಮನ ತಟ್ಟೆಯಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲಿರಲಿಲ್ಲ. ಕ್ಯಾಮೆರಾ ರೋಲಿನ ಆ ಕಪ್ಪು ಡಬ್ಬಿ ಇತ್ತು, ಲಾಕರಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಅರ್ಧ ಕುಂಕುಮ ಇನ್ನೂ ಹಾಗೇ ಇತ್ತು. ಅದರ ಪಕ್ಕ ಮೂರು ಬೇಸನ್ ಉಂಡಿ. ಅಪ್ಪ ಡಬ್ಬಿಯನ್ನು ನೋಡಿದರು, ಅಮ್ಮನನ್ನು ನೋಡಿದರು.

“ವಾಲ್ಟರ್ ಹೇಳಿದ್ನಾ?”

“ನಾ ಅವತ್ತ ಆ ಉಂಡಿ ಕಟ್ಟಿಕೊಡಬಾರದಿತ್ರೀ,” ಅಂದಳು ಅಮ್ಮ.

ಅಪ್ಪ ಡಬ್ಬಿಯಿಂದ ಕುಂಕುಮ ತೆಗೆದು ಮೊದಲು ಅಮ್ಮನ ಹಣೆಗೆ ಹಚ್ಚಿದರು. ಉಳಿದದ್ದನ್ನು ಬಾಗಿಲಿಗೆ ಹಚ್ಚಿ, ಅದನ್ನು ಒಮ್ಮೆ ಎತ್ತಿ ಒತ್ತಿ ಹಾಕಿ, ತಟ್ಟೆಯಿಂದ ಒಂದು ಉಂಡೆ ತೆಗೆದುಕೊಂಡರು.

“ಹಾಗನ್ನಬೇಡ ಕಣೇ,” ಅಂದರು. “ಉಂಡೆ ತುಂಬಾ ಚೆನ್ನಾಗಿತ್ತು.”